ಹೊಳೆ ಬಲ್ಲವರ ಜೊತೆಗೆ ಹೊಳೆಗಿಳಿಯಿರಿ

ಮಕ್ತಲ್, ಕೃಷ್ಣಾ ಸೀಮೆಯ ನನ್ನ ಮಕ್ಕಳೇ,

ಊರವರೆಲ್ಲ ಕೂಡಿ ತಂಗಿಡಿಯ ಸಂಗಮದಿಂದ ಪಂಚದೇವಪಹಾಡದವರೆಗೆ ಹರಿಗೋಲಿನಲ್ಲಿ ಹೋಗಬೇಕೆಂದು ನೀವು ಮಾತಾಡಿಕೊಳ್ಳುತ್ತಿರುವುದು ನನ್ನ ಕಿವಿಗೂ ಬಿತ್ತು. ಕೇಳಿ ಬಹಳ ಸಂತೋಷವಾಯಿತು. ಖಂಡಿತ ಹೋಗಿ. ಆದರೆ ಹೊರಡುವ ಮುಂಚೆ ಈ ಹಿರಿಯನ ನಾಲ್ಕು ಮಾತು ಕೇಳಿಸಿಕೊಳ್ಳಿ.

ಈಗ ನಾವೆಲ್ಲ ಕೃಷ್ಣೆಯನ್ನು ನೋಡುವುದು ರಾಯಚೂರಿಗೆ ಹೋಗುವಾಗ, ಸೇತುವೆಯ ಮೇಲಿಂದ. ಅಲ್ಲಿಂದ ನೀರು ಇದೆಯೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ಮಡು ಎಲ್ಲಿದೆ, ಬಂಡೆ ಎಲ್ಲಿ ಅಡಗಿದೆ, ಸೆಳವು ಯಾವ ದಡಕ್ಕೆ ಎಳೆಯುತ್ತದೆ, ಮರಳು ತೆಗೆದ ಗುಂಡಿ ಎಲ್ಲಿ ಬಾಯಿ ತೆರೆದಿದೆ ಎನ್ನುವುದು ನೀರಿನ ಮೇಲೆ ನಿಧಾನವಾಗಿ ಸಾಗುವವನಿಗೇ ಗೊತ್ತಾಗುವುದು. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಸುಮಾರು 860 ಕಿಲೋಮೀಟರ್ ಹರಿದು ಬಂದು ಕೃಷ್ಣೆಯನ್ನು ಕೂಡುವುದು ನಮ್ಮ ಮಗ್ಗುಲಲ್ಲೇ, ತಂಗಿಡಿಯಲ್ಲಿ. ಅದನ್ನು ಭೂಗೋಳದ ಪಾಠದಲ್ಲಿ ಓದಿದ್ದೀರಿ, ಈಗ ಕಣ್ಣಾರೆ ನೋಡಿ.

ಎರಡೂ ದಡವನ್ನು ನೋಡುತ್ತ ಹೋಗಿ. ಒಂದು ದಡ ರಾಯಚೂರು ಜಿಲ್ಲೆ, ಇನ್ನೊಂದು ನಾರಾಯಣಪೇಟೆ ಜಿಲ್ಲೆ. 1956ಕ್ಕೆ ಮುಂಚೆ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಈಗ ನಮ್ಮ ರಾಜ್ಯದಲ್ಲಿರುವ ಗದ್ವಾಲ ತಾಲ್ಲೂಕು ಆಗ ರಾಯಚೂರು ಜಿಲ್ಲೆಗೇ ಸೇರಿತ್ತು. ರಾಜ್ಯಗಳು ಬೇರೆಯಾದರೂ ಹೆಣ್ಣು ಕೊಟ್ಟು ತರುವುದು, ಜಾತ್ರೆಗೆ ಹೋಗಿ ಬರುವುದು ನಿಲ್ಲಲಿಲ್ಲ. ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಗುರು ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರ ರಾಯಚೂರಿನ ಲೆಕ್ಕದಲ್ಲಿದ್ದರೂ ಭಕ್ತರು ನಮ್ಮ ಪಂಚದೇವಪಹಾಡದಿಂದ ಹೊಳೆ ದಾಟಿ ಆ ನಡುಗಡ್ಡೆಗೆ ಹೋಗುತ್ತಾರೆ. ಎರಡು ದಡವನ್ನು ಕೂಡಿಸಿದವರು ಅಂಬಿಗರು. ಅದನ್ನು ಮರೆಯಬೇಡಿ.

ಅದಕ್ಕೇ ನನ್ನ ಮೊದಲ ಮಾತು: ಅಂಬಿಗನನ್ನು ಕೂಲಿಯವನಂತೆ ಕಾಣಬೇಡಿ. ನೀರಿನ ಮೇಲೆ ಅವನೇ ಹಿರಿಯ. ಬಿದಿರಿನ ದಬ್ಬೆ ಹೆಣೆದು, ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದು ಮಾಡುವ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವವನು ಕುಳಿತ ಕಡೆಯೇ ಮುಂದು. ಕೈ ತಪ್ಪಿದರೆ ಗಿರಗಿರನೆ ತಿರುಗುತ್ತದೆ. ಸುಮಾರು 500 ವರ್ಷದ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ಇಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರದೂ ಇದೇ ಕಾಯಕ. ಇಷ್ಟು ಹಳೆಯ ವಿದ್ಯೆ ಬಲ್ಲವನು 'ಕೂಡಿರಿ' ಎಂದರೆ ಕೂಡಬೇಕು, 'ಇವತ್ತು ಬೇಡ' ಎಂದರೆ ಮನೆಗೆ ಹಿಂದಿರುಗಬೇಕು.

ಎರಡನೆಯದು, ಹೊತ್ತು ಮತ್ತು ಕಾಲ. ಮಳೆಗಾಲದಲ್ಲಿ ಹೋಗಬೇಡಿ. ನಮ್ಮೂರಲ್ಲಿ ಮೋಡವಿಲ್ಲದಿದ್ದರೂ ನಾರಾಯಣಪುರ ಜಲಾಶಯದ ಗೇಟು ತೆರೆದರೆ ಇಲ್ಲಿ ಹೊಳೆ ಏರುತ್ತದೆ. ಸಂಕ್ರಾಂತಿಯ ಆಸುಪಾಸು ಒಳ್ಳೆಯದು. ಆಗಲೂ ತಹಸೀಲ್ದಾರರಿಗೆ, ಪೊಲೀಸರಿಗೆ ತಿಳಿಸಿ, ನೀರು ಬಿಡುವ ಸುದ್ದಿ ವಿಚಾರಿಸಿಯೇ ಹೊರಡಿ. ಪ್ರತಿಯೊಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿ. ಹರಿಗೋಲಿನಲ್ಲಿ ಎದ್ದು ನಿಂತು ಫೋಟೋ ತೆಗೆಯಬೇಡಿ. ಈಜು ಬರುತ್ತದೆಂದು ಧುಮುಕಬೇಡಿ. ಈ ಹೊಳೆಯಲ್ಲಿ ಮೊಸಳೆಗಳಿವೆ. ಕತ್ತಲಾಗುವ ಮುಂಚೆ ದಡ ಸೇರಿ.

ಹೆದರಿಸಲು ಹೇಳುತ್ತಿಲ್ಲ, ಮಕ್ಕಳೇ. 2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡದಿಂದ ಕುರ್ವಕುಲ ನಡುಗಡ್ಡೆಗೆ ಮರಳುತ್ತಿದ್ದ ಹರಿಗೋಲು ತುಂಬಿದ ಹೊಳೆಯಲ್ಲಿ ಮಗುಚಿತು. ಅದರಲ್ಲಿದ್ದ 13 ಜನರಲ್ಲಿ ನಾಲ್ವರು ನೀರುಪಾಲಾದರು. ಅವರು ಮೋಜಿಗೆ ಹೋದವರಲ್ಲ, ಸಂತೆ ಸಾಮಾನಿಗೆ ಹೋಗಿದ್ದವರು. ಅವರಿಗೆ ಬೇರೆ ದಾರಿಯಿರಲಿಲ್ಲ. ನಿಮಗೆ ದಿನ ಆರಿಸಿಕೊಳ್ಳುವ ಭಾಗ್ಯವಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೂರನೆಯದು, ನೀವು ಗೆಳೆಯರಷ್ಟೇ ಹೋಗಬೇಡಿ. ಹೊಳೆ ಬಲ್ಲ ಅಜ್ಜಂದಿರನ್ನು, ಮೀನು ಹಿಡಿಯುವ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ, ದಡದಲ್ಲಿ ಕೂತು ಉಣ್ಣುವಾಗ ಕೇಳಿ: ಈ ಮಡುವಿಗೆ ಏನು ಹೆಸರು? ಮೊದಲು ಯಾವ ಮೀನು ಸಿಗುತ್ತಿತ್ತು? 2009ರ ಮಹಾಪೂರದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ಹೆಸರುಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಹೀಗೆ ಹೊಳೆಯನ್ನು ತಿಳಿದುಕೊಂಡರೆ ಏನು ಲಾಭ ಎನ್ನುತ್ತೀರಾ? ದೂರದ ಒಂದು ಉದಾಹರಣೆ ಕೇಳಿ. ಕೆನಡಾದಲ್ಲಿ ಕ್ರೀ ಎಂಬ ಮೂಲನಿವಾಸಿಗಳಿದ್ದಾರೆ. ಹಿಂದೆ ಹೊಳೆಗಳೇ ಅವರ ಹಾದಿಯಾಗಿದ್ದವು. ಗ್ರೇಟ್ ವೇಲ್ ನದಿಗೆ ವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅವರು ನೆರೆಯ ಇನ್ಯೂಟ್ ಜನರ ಜೊತೆ ಸೇರಿ, ಇಬ್ಬರ ದೋಣಿಯ ಮಾದರಿಯನ್ನೂ ಬೆಸೆದು, 'ಒಡೆಯಾಕ್' ಎಂಬ ದೋಣಿ ಕಟ್ಟಿದರು. 1990ರಲ್ಲಿ ಅದನ್ನು ಹಡ್ಸನ್ ನದಿಯಲ್ಲಿ ನಡೆಸಿಕೊಂಡು ನ್ಯೂಯಾರ್ಕಿನವರೆಗೂ ಹೋಗಿ ತಮ್ಮ ಹೊಳೆಯ ಕಷ್ಟ ಹೇಳಿದರು. 1994ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಹೊಳೆಯ ಮೇಲೆ ಬದುಕಿದವರು ಎದ್ದು ಮಾತಾಡಿದ್ದರಿಂದ ಜಗತ್ತು ಕಿವಿಗೊಟ್ಟಿತು.

ನಮ್ಮ ಕೃಷ್ಣೆಗೆ ಮೇಲೆ ನಾರಾಯಣಪುರ, ಕೆಳಗೆ ಜುರಾಲಾ, ಎರಡೂ ಕಡೆ ಕಟ್ಟೆಗಳಾಗಿವೆ. ಅವು ನೀರುಣಿಸುವ ಹೊಲಗಳ ಅನ್ನವನ್ನು ನಾವೂ ಉಣ್ಣುತ್ತೇವೆ. ಆದರೆ ನಾಳೆ ಮರಳಿನ ಲಾರಿಗಳು ಬಂದಾಗ, ನಡುಗಡ್ಡೆಯ ಜನ ಸೇತುವೆ ಕೇಳಿದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಬೇಕಾದವರು ನೀವು. 'ನಾನು ಕಂಡಿದ್ದೇನೆ, ಇಲ್ಲಿ ಹೀಗಿದೆ' ಎನ್ನುವವನ ಮಾತಿಗೆ ತೂಕವಿರುತ್ತದೆ. ಆದ್ದರಿಂದ ಹೋಗಿ, ನೋಡಿ, ಬರೆದುಕೊಳ್ಳಿ, ಎಲ್ಲರೂ ಕ್ಷೇಮವಾಗಿ ಬನ್ನಿ. ಬಂದ ಮೇಲೆ ಸುಮ್ಮನಿರಬೇಡಿ.