ಆಧಾರ್ ಸಾಲದು, ವೋಟರ್ ಐಡಿ ಇರಲಿ

ಪ್ರಶ್ನೆ: ನಾವು ಮಂಡಿಕಲ್ಲಿನ ನಾಲ್ವರು ಗೆಳೆಯರು. ಬಸ್ಸಿನಲ್ಲೇ ನೇಪಾಳ ಸುತ್ತುವ ಆಸೆ. ಪಾಸ್‌ಪೋರ್ಟ್ ಇಲ್ಲ. ಒಬ್ಬನಿಗೆ ಆಸ್ತಮಾ. ಹೋಗಬಹುದೇ?

ಉತ್ತರ: ಖಂಡಿತ ಹೋಗಿ. ವೀಸಾ ಬೇಕಿಲ್ಲ, ಚುನಾವಣಾ ಆಯೋಗದ ಗುರುತಿನ ಚೀಟಿಯ ಮೂಲಪ್ರತಿ ನಾಲ್ವರ ಬಳಿಯೂ ಇರಲಿ. ಆಧಾರ್ ಒಂದನ್ನೇ ನಂಬಬೇಡಿ. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ. ಅಲ್ಲಿಂದ ಬಸ್ಸಿನಲ್ಲಿ ಸುನೌಲಿಗೆ ಹೋಗಿ, ಗಡಿಯನ್ನು ನಡೆದೇ ದಾಟಿ, ಭೈರಹವಾದಲ್ಲಿ ಪೊಖರಾ ಬಸ್ ಹಿಡಿಯಿರಿ. ನಮ್ಮ 100 ರೂಪಾಯಿ ಅಲ್ಲಿ 160. ನೂರರ ನೋಟುಗಳನ್ನೇ ಒಯ್ಯಿರಿ.

ಮಳೆಗಾಲ ಮಾತ್ರ ಬೇಡವೇ ಬೇಡ. 2024ರ ಜುಲೈನಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು. ರಾತ್ರಿ ಬಸ್ಸೂ ಬೇಡ.

ಪೊಖರಾದಿಂದ ಮುಂದೆ ಮುಕ್ತಿನಾಥ ದೇಗುಲಕ್ಕೂ ಹೋಗುವುದಾದರೆ, ಅದು 3,700 ಮೀಟರಿಗೂ ಎತ್ತರದಲ್ಲಿದೆ. ಆಸ್ತಮಾ ಇರುವ ಗೆಳೆಯ ಟಿಕೆಟ್ ಮಾಡಿಸುವ ಮೊದಲೇ ಶ್ವಾಸಕೋಶ ತಜ್ಞರನ್ನು ಕಾಣಲಿ. ಇನ್ಹೇಲರ್ ಬಸ್ಸಿನ ಮೇಲೆ ಕಟ್ಟುವ ಬ್ಯಾಗಿನಲ್ಲಲ್ಲ, ಅವನ ಜೇಬಿನಲ್ಲೇ ಇರಬೇಕು.