ಒಂದು ಕೈಗೆ ಒಗ್ಗುವ ಡಬ್ಬಿ

‘ಒಂದು ಕೈಯಿಂದ ಚಪ್ಪಾಳೆ ಆಗದು’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಚಪ್ಪಾಳೆಗೆ ಮಾತ್ರವಲ್ಲ, ದಿನವೂ ನಾವು ಮಾಡುವ ಎಷ್ಟೋ ಕೆಲಸಗಳಿಗೆ ಎರಡು ಕೈ ಬೇಕು. ಆದರೆ ಅದು ನಮ್ಮ ಗಮನಕ್ಕೆ ಬರುವುದಿಲ್ಲ.

ಒಂದು ಪ್ರಯೋಗ ಮಾಡೋಣ. ನಿಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿರಿ. ಬಲಗೈ ಒಂದರಿಂದಲೇ ಊಟದ ಡಬ್ಬಿಯ ಮುಚ್ಚಳ ತೆಗೆಯಿರಿ. ಏನಾಯಿತು? ಡಬ್ಬಿ ಮುಂದಕ್ಕೆ ಸರಿಯಿತೇ? ಮುಚ್ಚಳದ ಜೊತೆಗೆ ಡಬ್ಬಿಯೂ ತಿರುಗಿತೇ? ಹಾಗಾದರೆ ದಿನವೂ ನಿಮ್ಮ ಎಡಗೈ ಏನು ಮಾಡುತ್ತಿತ್ತು ಎಂಬುದು ಈಗ ತಿಳಿಯಿತು. ಬಲಗೈ ಮುಚ್ಚಳ ತೆಗೆಯುವಾಗ ಎಡಗೈ ಸುಮ್ಮನೆ ಇರಲಿಲ್ಲ. ಅದು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದಿತ್ತು.

ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಕೆಲವು ವಾರಗಳ ಕಾಲ ಒಂದೇ ಕೈ. ಪಾರ್ಶ್ವವಾಯು ಬಡಿದವರಲ್ಲಿ ಕೆಲವರಿಗೆ ಒಂದು ಕೈ ಸ್ವಾಧೀನದಲ್ಲಿ ಇರುವುದಿಲ್ಲ. ಯಂತ್ರಕ್ಕೆ ಸಿಕ್ಕು ಕೈ ಕಳೆದುಕೊಂಡವರೂ ಇದ್ದಾರೆ. ಇವರಲ್ಲದೆ, ಎರಡು ಕೈ ಚೆನ್ನಾಗಿದ್ದರೂ ಒಂದೇ ಕೈಯಿಂದ ಕೆಲಸ ಮಾಡಬೇಕಾದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಎಳೆಯ ಮಕ್ಕಳ ತಾಯಂದಿರು.

ಅಂಥ ಒಂದು ಮನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಅಕ್ಕ ತವರಿಗೆ ಬಂದಿದ್ದಾಳೆ. ಅವಳ ಮಗುವಿಗೆ ಈಗ 5 ತಿಂಗಳು. ಮಗು ಹೊರಳುವುದನ್ನು ಕಲಿತಿದೆ. ಮಗುವನ್ನು ಒರೆಸಲು ಅಕ್ಕ ಮೆತ್ತನೆಯ ಒದ್ದೆ ಬಟ್ಟೆಯ ತುಂಡುಗಳನ್ನು ಒಂದು ತಿರುಪು ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಒಂದು ಬೆಳಿಗ್ಗೆ ಅವಳು ಮಗುವನ್ನು ಮಂಚದ ಮೇಲೆ ಮಲಗಿಸಿ, ಎರಡೂ ಕೈಯಿಂದ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದಳು. ಅಷ್ಟರಲ್ಲಿ ಮಗು ಹೊರಳಿ ಮಂಚದ ಅಂಚಿಗೆ ಬಂದಿತು. ಪಕ್ಕದಲ್ಲಿದ್ದ ಅಜ್ಜಿ ಥಟ್ಟನೆ ಹಿಡಿದುಕೊಂಡಳು.

“ಒಂದು ಕೈ ಯಾವಾಗಲೂ ಮಗುವಿನ ಮೇಲೇ ಇರಬೇಕು ಮಗಳೇ” ಎಂದಳು ಅಜ್ಜಿ.

“ಇರಬೇಕು ಅಜ್ಜಿ, ಆದರೆ ಈ ಡಬ್ಬಿ ಒಂದು ಕೈಗೆ ತೆರೆಯುವುದಿಲ್ಲವಲ್ಲ!” ಎಂದಳು ಅಕ್ಕ.

ಐದನೆಯ ವರ್ಗದಲ್ಲಿ ಓದುತ್ತಿದ್ದ ತಮ್ಮ ಇದನ್ನು ಕೇಳಿಸಿಕೊಂಡ. “ಅಕ್ಕಾ, ಒಂದು ಕೈಗೆ ತೆರೆಯುವ ಡಬ್ಬಿಯನ್ನು ನಾನು ಮಾಡಿಕೊಡುತ್ತೇನೆ” ಎಂದ.

ಮೊದಲ ಪ್ರಯತ್ನ

ತಮ್ಮನು ಅಗಲ ಬಾಯಿಯ ಒಂದು ಹಗುರವಾದ ಪ್ಲಾಸ್ಟಿಕ್ ಡಬ್ಬಿಯನ್ನು ಆರಿಸಿಕೊಂಡ. ಮುಚ್ಚಳವನ್ನೇ ತೆಗೆಯದಿದ್ದರೆ ಹೇಗೆ ಎಂದು ಯೋಚಿಸಿದ. ಅಪ್ಪನಿಂದ ಮುಚ್ಚಳದ ನಡುವೆ ಒಂದು ಉದ್ದನೆಯ ಸೀಳು ಮಾಡಿಸಿದ. ಬಟ್ಟೆಯ ತುದಿಯನ್ನು ಆ ಸೀಳಿನಿಂದ ಹೊರಗೆ ಎಳೆದು ಬಿಟ್ಟ. ಅಕ್ಕ ಒಂದು ಕೈಯನ್ನು ಮಗುವಿನ ಮೇಲಿಟ್ಟು, ಇನ್ನೊಂದು ಕೈಯಿಂದ ಬಟ್ಟೆಯನ್ನು ಎಳೆದಳು. ಬಟ್ಟೆಯ ಜೊತೆಗೆ ಡಬ್ಬಿಯೂ ಎದ್ದು ಬಂದಿತು!

ತಮ್ಮನ ಮುಖ ಸಣ್ಣದಾಯಿತು. ಆಗ ಅಜ್ಜಿ ಬದನೆಕಾಯಿ ಹೆಚ್ಚುತ್ತಿದ್ದಳು. “ಈ ಈಳಿಗೆಯನ್ನು ನೋಡು. ನನ್ನ ಎರಡು ಕೈಗಳೂ ಕಾಯಿಯನ್ನು ಹಿಡಿದಿವೆ. ಹಾಗಾದರೆ ಈಳಿಗೆಯನ್ನು ಯಾರು ಹಿಡಿದಿದ್ದಾರೆ?” ಎಂದು ಕೇಳಿದಳು.

“ನಿನ್ನ ಕಾಲು ಮಣೆಯನ್ನು ಒತ್ತಿ ಹಿಡಿದಿದೆ ಅಜ್ಜಿ.”

“ಒರಳನ್ನು ಯಾರು ಹಿಡಿಯುತ್ತಾರೆ?”

“ಯಾರೂ ಇಲ್ಲ. ಅದರ ಭಾರವೇ ಅದನ್ನು ಹಿಡಿದಿರುತ್ತದೆ.”

“ತಳ ದುಂಡಗಿರುವ ಕೊಡವನ್ನು?”

“ಸಿಂಬಿ!” ಎಂದ ತಮ್ಮ. ಅವನಿಗೆ ದಾರಿ ಹೊಳೆಯಿತು. ಹಿಡಿಯಲು ಕೈ ಇಲ್ಲದಿದ್ದರೆ ಆ ಕೆಲಸವನ್ನು ಬೇರೆ ಯಾವುದಕ್ಕಾದರೂ ಒಪ್ಪಿಸಬೇಕು.

ಎರಡನೆಯ ಪ್ರಯತ್ನ

ತಮ್ಮನು ಡಬ್ಬಿಯನ್ನು ಒಂದು ಅಗಲವಾದ, ಭಾರವಾದ ಮಣೆಯ ಮೇಲಿಟ್ಟು ದಾರದಿಂದ ಬಿಗಿದ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಕತ್ತರಿಸಿ ಮಣೆಯ ತಳಕ್ಕೆ ಅಂಟಿಸಿದ. ಇದರಿಂದ ಎರಡು ಲಾಭಗಳಾದವು. ಮೇಲಕ್ಕೆ ಎಳೆದಾಗ ಮಣೆಯ ಭಾರವು ಡಬ್ಬಿಯನ್ನು ಕೆಳಗೆ ಹಿಡಿಯಿತು. ಪಕ್ಕಕ್ಕೆ ಎಳೆದಾಗ ರಬ್ಬರು ಜಾರಗೊಡಲಿಲ್ಲ. ಎರಡು ವಸ್ತುಗಳು ಒಂದಕ್ಕೊಂದು ತಾಗಿದಾಗ ಜಾರುವಿಕೆಯನ್ನು ತಡೆಯುವ ಈ ಬಲಕ್ಕೆ ‘ಘರ್ಷಣೆ’ ಎನ್ನುತ್ತಾರೆ. ನಯವಾದ ಪ್ಲಾಸ್ಟಿಕ್ಕಿಗಿಂತ ರಬ್ಬರಿನಲ್ಲಿ ಘರ್ಷಣೆ ಹೆಚ್ಚು. ಮಣೆಯನ್ನು ಮಂಚದ ಪಕ್ಕದ ಗಟ್ಟಿ ಮೇಜಿನ ಮೇಲೆ, ಮಗುವಿಗೆ ಎಟುಕದಂತೆ ಇಟ್ಟರು.

ಅಕ್ಕ ಎಳೆದಳು. ಈ ಸಲ ಡಬ್ಬಿ ಕದಲಲಿಲ್ಲ. ಆದರೆ ಒಂದರ ಬದಲು ಮೂರು ಬಟ್ಟೆಗಳು ಒಟ್ಟಿಗೆ ಬಂದವು. ಮುಂದಿನ ಸಲ ಒಂದೂ ಬರಲಿಲ್ಲ. ತುದಿಯು ಡಬ್ಬಿಯೊಳಗೆ ಬಿದ್ದುಹೋಗಿತ್ತು. ಎರಡು ಕೈಗಳಿದ್ದಾಗ ಒಂದು ಕೈ ಬಟ್ಟೆ ತೆಗೆಯುತ್ತದೆ, ಇನ್ನೊಂದು ಉಳಿದ ಬಟ್ಟೆಗಳನ್ನು ತಡೆಯುತ್ತದೆ. ಈ ಕೆಲಸವನ್ನೂ ಡಬ್ಬಿಯೇ ಮಾಡಬೇಕಾಗಿತ್ತು.

ಮಡಿಕೆಯೊಳಗೆ ಮಡಿಕೆ

ಈ ತೊಡಕಿಗೆ ಬಹಳ ಹಿಂದೆಯೇ ಒಂದು ಉಪಾಯ ಸಿಕ್ಕಿದೆ. 1920ರ ದಶಕದಲ್ಲಿ ಅಮೆರಿಕ ದೇಶದ ಆಂಡ್ರ್ಯೂ ಓಲ್ಸನ್ ಎಂಬವರು ತೆಳು ಕಾಗದದ ಕರವಸ್ತ್ರಗಳಿಗಾಗಿ ಒಂದು ಪೆಟ್ಟಿಗೆಯನ್ನು ರೂಪಿಸಿದರು. ಅದರಿಂದ ಒಂದು ಹಾಳೆಯನ್ನು ಎಳೆದರೆ ಮುಂದಿನ ಹಾಳೆಯ ತುದಿ ತಾನಾಗಿ ಮೇಲೆ ಬರುತ್ತದೆ. ಹೋಟೆಲುಗಳಲ್ಲಿ ಇಂಥ ಪೆಟ್ಟಿಗೆಗಳನ್ನು ನೀವು ನೋಡಿರಬಹುದು. ಇದರ ಗುಟ್ಟು ಮಡಿಕೆಯಲ್ಲಿದೆ.

ಒಂದೇ ಅಳತೆಯ ಬಟ್ಟೆಗಳನ್ನು ತೆಗೆದುಕೊಳ್ಳಿರಿ. ಮೊದಲನೆಯದನ್ನು ಹಾಸಿರಿ. ಅದರ ಬಲ ಅರ್ಧದ ಮೇಲೆ ಎರಡನೆಯ ಬಟ್ಟೆಯ ಅರ್ಧ ಭಾಗ ಬರಲಿ. ಉಳಿದ ಅರ್ಧ ಬಲಗಡೆ ಹೊರಗಿರಲಿ. ಈಗ ಮೊದಲನೆಯದರ ಎಡ ಅರ್ಧವನ್ನು ಎರಡನೆಯದರ ಮೇಲೆ ಮಡಚಿರಿ. ಆ ಮಡಿಕೆಯ ಮೇಲೆ ಮೂರನೆಯ ಬಟ್ಟೆಯ ಅರ್ಧ ಭಾಗವನ್ನು ಇಡಿರಿ. ಅದರ ಉಳಿದ ಅರ್ಧ ಎಡಗಡೆ ಹೊರಗಿರಲಿ. ಎರಡನೆಯದರ ಹೊರಗುಳಿದ ಅರ್ಧವನ್ನು ಇದರ ಮೇಲೆ ಮಡಚಿರಿ. ಹೀಗೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುಂದುವರಿಸಿರಿ. ಪ್ರತಿಯೊಂದು ಬಟ್ಟೆಯೂ ಇನ್ನೊಂದರ ಮಡಿಕೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೇಲಿನದನ್ನು ಎಳೆದಾಗ ಅದು ಹೊರಗೆ ಬರುತ್ತಾ ಮುಂದಿನದರ ತುದಿಯನ್ನು ಎತ್ತಿ ಕೊಟ್ಟು ಹೋಗುತ್ತದೆ.

ತಮ್ಮನು ಹೀಗೆಯೇ ಮಡಚಿಟ್ಟ. ಆದರೂ ಸೀಳಿನ ಅಳತೆ ಸರಿಯಿರಲಿಲ್ಲ. ಸೀಳು ಅಗಲವಾದರೆ ತುದಿ ಒಳಗೆ ಬೀಳುತ್ತದೆ. ಕಿರಿದಾದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಸೀಳನ್ನು ಸಣ್ಣದು ಮಾಡಲು ಬರುವುದಿಲ್ಲ. ಆದ್ದರಿಂದ ತಮ್ಮನು ಬೇರೆ ಮುಚ್ಚಳ ತಂದು ಮೊದಲು ಸಣ್ಣ ಸೀಳು ಮಾಡಿಸಿದ. ಆಮೇಲೆ ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ ಹೋದ. ಪ್ರತಿ ಸಲವೂ 10 ಬಾರಿ ಎಳೆದು ನೋಡಿದ. ಎಷ್ಟು ಬಾರಿ ಒಂದೇ ಬಟ್ಟೆ ಬಂದಿತು ಎಂಬುದನ್ನು ಪಾಟಿಯ ಮೇಲೆ ಬರೆದುಕೊಂಡ. ದಪ್ಪ ಟಾವೆಲ್ಲಿನ ತುಂಡುಗಳು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅಜ್ಜಿಯ ಹಳೆಯ ನೂಲಿನ ಸೀರೆಯ ತುಂಡುಗಳು ಸರಾಗವಾಗಿ ಬಂದವು.

ಇನ್ನೊಂದು ಕೆಲಸ ಉಳಿದಿತ್ತು. ಸೀಳು ತೆರೆದೇ ಇದ್ದರೆ ಒಳಗಿನ ತೇವ ಆರಿಹೋಗುತ್ತದೆ, ಧೂಳೂ ಸೇರುತ್ತದೆ. ಅದಕ್ಕೆ ತಮ್ಮನು ಸೀಳಿನ ಮೇಲೆ ಟ್ಯೂಬಿನ ಒಂದು ತುಂಡನ್ನು ಇಟ್ಟು, ಅದರ ಒಂದೇ ಅಂಚನ್ನು ಅಂಟಿಸಿದ. ಒಂದು ಬೆರಳಿನಿಂದ ಎತ್ತಿದರೆ ಅದು ತೆರೆಯುತ್ತದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ.

ಕೊನೆಗೆ ಅಕ್ಕ ಪರೀಕ್ಷೆ ಮಾಡಿದಳು. ಮೊದಲು ಬಲಗೈಯಿಂದ, ನಂತರ ಎಡಗೈಯಿಂದ, ಆಮೇಲೆ ಎಣ್ಣೆ ಹತ್ತಿದ ಕೈಯಿಂದ, ಕೊನೆಗೆ ಡಬ್ಬಿಯ ಕಡೆ ನೋಡದೆ, ಮಗುವಿನ ಮುಖವನ್ನೇ ನೋಡುತ್ತಾ ಎಳೆದಳು. ಒಂದೊಂದೇ ಬಟ್ಟೆ ಬಂದಿತು. ಅವಳ ಇನ್ನೊಂದು ಕೈ ಮಗುವಿನ ಮೇಲೇ ಇತ್ತು.

ನೆನಪಿರಲಿ: ಒದ್ದೆ ಬಟ್ಟೆಯನ್ನು ದಿನಗಟ್ಟಲೆ ಮುಚ್ಚಿಟ್ಟರೆ ಬೂಸು ಬರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಬೆಳಿಗ್ಗೆ ನೆನೆಸಿ ಹಿಂಡಿದ ಬಟ್ಟೆಗಳನ್ನು ಅಂದೇ ಬಳಸಬೇಕು. ಬಳಸಿದವನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಡಬ್ಬಿಯನ್ನೂ ದಿನವೂ ತೊಳೆಯಬೇಕು. ಅಂಗಡಿಯಲ್ಲಿ ಸಿಗುವ ಒದ್ದೆ ಒರೆಸುಗಳಲ್ಲಿ ಅನೇಕವು ಪ್ಲಾಸ್ಟಿಕ್ ಎಳೆಗಳಿಂದ ಕೂಡಿರುತ್ತವೆ. ಅವು ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ. ಅವುಗಳನ್ನು ಮೋರಿಗೂ ಶೌಚಾಲಯಕ್ಕೂ ಹಾಕಬಾರದು.

ಎಲ್ಲರಿಗೂ ಒಗ್ಗುವ ವಸ್ತುಗಳು

ಒಂದು ವಸ್ತು ಹೇಗಿರಬೇಕು, ಯಾರಿಗಾಗಿ ಇರಬೇಕು ಎಂದು ಮೊದಲೇ ಯೋಚಿಸಿ ರೂಪಿಸುವುದಕ್ಕೆ ‘ವಿನ್ಯಾಸ’ ಎನ್ನುತ್ತಾರೆ. ಇದನ್ನು ಕಲಿಸುವ ಶಾಲೆಗಳೂ ಇವೆ. ಅಹಮದಾಬಾದಿನಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1961ರಲ್ಲಿ ಸ್ಥಾಪನೆಯಾಯಿತು.

ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯ ಹೆಂಡತಿ ಬೆಟ್ಸಿ ಅವರಿಗೆ ಸಂಧಿವಾತವಿತ್ತು. ಕಾಯಿಗಳ ಸಿಪ್ಪೆ ಹೆರೆಯುವ ಸಾಧನದ ತೆಳುವಾದ ಹಿಡಿಯು ಅವರ ಕೈಗೆ ನೋವು ಕೊಡುತ್ತಿತ್ತು. ಫಾರ್ಬರ್ ಅವರು ವಿನ್ಯಾಸಕಾರರ ನೆರವಿನಿಂದ ದಪ್ಪನೆಯ, ರಬ್ಬರಿನಂಥ ಮೆತ್ತನೆಯ ಹಿಡಿಕೆಯುಳ್ಳ ಅಡಿಗೆಮನೆಯ ಸಾಧನಗಳನ್ನು ಮಾಡಿಸಿದರು. 1990ರಲ್ಲಿ ಅವು ಮಾರಾಟಕ್ಕೆ ಬಂದವು. ಕೈನೋವಿಲ್ಲದವರೂ ಅವನ್ನು ಮೆಚ್ಚಿ ಕೊಂಡರು.

ಅದೇ ದೇಶದ ರೊನಾಲ್ಡ್ ಮೇಸ್ ಎಂಬ ವಾಸ್ತುಶಿಲ್ಪಿಯು ಬಾಲ್ಯದಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿಯನ್ನು ಬಳಸುತ್ತಿದ್ದರು. ಮನೆ, ದಾರಿ, ವಸ್ತು ಯಾವುದೇ ಇರಲಿ, ಅದು ಸಾಧ್ಯವಾದಷ್ಟು ಎಲ್ಲರಿಗೂ ಒಗ್ಗುವಂತೆ ಇರಬೇಕು ಎಂದು ಅವರು ಹೇಳಿದರು. 1997ರಲ್ಲಿ ಅವರೂ ಅವರ ಸಂಗಡಿಗರೂ ಇಂಥ ವಿನ್ಯಾಸಕ್ಕೆ 7 ತತ್ತ್ವಗಳನ್ನು ರೂಪಿಸಿದರು. ಕಡಿಮೆ ಶ್ರಮದಿಂದ ಬಳಸಲು ಬರಬೇಕು ಎಂಬುದು ಅವುಗಳಲ್ಲಿ ಒಂದು.

ಮಕ್ಕಳೇ, ಒಂದು ಕೈಯವರಿಗೆ ಮಾಡಿದ ಡಬ್ಬಿಯು ಎರಡು ಕೈಯವರಿಗೂ ಸುಲಭವೇ. ಎರಡು ಕೈಯವರಿಗೆ ಮಾಡಿದ ಡಬ್ಬಿಯು ಒಂದು ಕೈಯವರಿಗೆ ತೆರೆಯುವುದಿಲ್ಲ. ಆದ್ದರಿಂದ ನೀವು ಏನನ್ನಾದರೂ ಮಾಡುವಾಗ, ಬಳಸುವವರ ಬಳಿ ಕುಳಿತು ಅವರ ಕೈಗಳನ್ನು ನೋಡಿರಿ. ಒಂದು ಕೈ ಮಾಡುವ ಕೆಲಸ ಎದ್ದು ಕಾಣುತ್ತದೆ. ಇನ್ನೊಂದು ಕೈ ಸದ್ದಿಲ್ಲದೆ ಏನು ಮಾಡುತ್ತಿದೆ ಎಂಬುದನ್ನು ಹುಡುಕಿರಿ. ಆ ಕೆಲಸವನ್ನು ವಸ್ತುವಿಗೇ ಒಪ್ಪಿಸುವುದೇ ಜಾಣತನ.

ಶಬ್ದಾರ್ಥ

ಒಗ್ಗು – ಹೊಂದಿಕೆಯಾಗು
ಸ್ವಾಧೀನ – ಹಿಡಿತ, ವಶ
ಈಳಿಗೆ – ಮಣೆಗೆ ಜೋಡಿಸಿದ, ಕಾಯಿಪಲ್ಯ ಹೆಚ್ಚುವ ಸಾಧನ
ಸಿಂಬಿ – ಕೊಡ ಉರುಳದಂತೆ ಕೆಳಗೆ ಇಡುವ ಬಳೆಯಾಕಾರದ ಸುತ್ತು
ಸಂಧಿವಾತ – ಕೀಲುಗಳಲ್ಲಿ ನೋವು, ಬಾವು ಬರುವ ರೋಗ
ಬೂಸು – ತೇವದಲ್ಲಿ ಬೆಳೆಯುವ ಶಿಲೀಂಧ್ರ

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಮಗು ಮಂಚದ ಅಂಚಿಗೆ ಬರಲು ಕಾರಣವೇನು?
2. ಮೊದಲ ಪ್ರಯತ್ನದಲ್ಲಿ ಡಬ್ಬಿ ಏಕೆ ಎದ್ದು ಬಂದಿತು?
3. ಘರ್ಷಣೆ ಎಂದರೇನು?
4. ತಮ್ಮನು ಮೊದಲು ಸಣ್ಣ ಸೀಳನ್ನೇ ಏಕೆ ಮಾಡಿಸಿದನು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಅಜ್ಜಿಯ ಪ್ರಶ್ನೆಗಳಿಂದ ತಮ್ಮನಿಗೆ ಯಾವ ದಾರಿ ಹೊಳೆಯಿತು?
2. ಅಕ್ಕನು ಡಬ್ಬಿಯನ್ನು ನಾಲ್ಕು ಬಗೆಯಲ್ಲಿ ಏಕೆ ಪರೀಕ್ಷೆ ಮಾಡಿದಳು?

ಇ) ಹೊಂದಿಸಿ ಬರೆಯಿರಿ.
1. ಭಾರವಾದ ಮಣೆ – (ಕ) ತೇವ ಆರದಂತೆ ಕಾಯುತ್ತದೆ
2. ರಬ್ಬರ್ ಪಟ್ಟಿ – (ಖ) ಮುಂದಿನ ತುದಿಯನ್ನು ಎತ್ತಿಕೊಡುತ್ತದೆ
3. ಮಡಿಕೆ – (ಗ) ಜಾರದಂತೆ ತಡೆಯುತ್ತದೆ
4. ಸೀಳಿನ ಮೇಲಿನ ಟ್ಯೂಬಿನ ತುಂಡು – (ಘ) ಮೇಲೇಳದಂತೆ ಹಿಡಿಯುತ್ತದೆ

ಈ) ಭಾಷಾಭ್ಯಾಸ: ಈ ನುಡಿಗಟ್ಟುಗಳ ಅರ್ಥ ತಿಳಿದು ಸ್ವಂತ ವಾಕ್ಯಗಳಲ್ಲಿ ಉಪಯೋಗಿಸಿರಿ.
ಕೈಜೋಡಿಸು, ಕೈಬಿಡು, ಕೈಗೂಡು, ಕೈಕೊಡು.

ಉಪಕ್ರಮ

1. ಶಾಲೆಯಲ್ಲಿ ಅರ್ಧ ಗಂಟೆ ಒಂದೇ ಕೈಯಿಂದ ಕೆಲಸ ಮಾಡಿರಿ. ಯಾವ ಕೆಲಸಗಳು ಕಠಿಣವಾದವು ಎಂಬುದನ್ನು ಪಟ್ಟಿ ಮಾಡಿರಿ. ಅವುಗಳಲ್ಲಿ ಒಂದನ್ನು ಆರಿಸಿ, ಇನ್ನೊಂದು ಕೈಯ ಕೆಲಸವನ್ನು ಯಾವುದಕ್ಕೆ ಒಪ್ಪಿಸಬಹುದು ಎಂದು ಗುಂಪಿನಲ್ಲಿ ಚರ್ಚಿಸಿರಿ.
2. ಕಾಗದದ ಚೌಕಗಳನ್ನು ಪಾಠದಲ್ಲಿ ಹೇಳಿದಂತೆ ಮಡಚಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಎಳೆದು ನೋಡಿರಿ. ರಟ್ಟನ್ನು ಕತ್ತರಿಸುವಾಗ ಹಿರಿಯರ ಸಹಾಯ ಪಡೆಯಿರಿ.