ಬಿಳಿಗಿರಿರಂಗನ ಬೆಟ್ಟದ ಊರು: ಅದರ ನೆಲವೂ ಚರಿತ್ರೆಯೂ



ಚಾಮರಾಜನಗರದ ಬಯಲಿನಲ್ಲಿ ನಿಂತು ಮೂಡಲಿಗೆ ಕಣ್ಣೆತ್ತಿದರೆ ನೀಲಿ ಗೋಡೆಯಂಥ ಒಂದು ಬೆಟ್ಟಸಾಲು ಕಾಣುವದು. ಉಡಿಗಾಲ ಮೊದಲಾದ ಗ್ರಾಮಗಳವರು ಅದರ ಹೆಸರನ್ನು ಚೆನ್ನಾಗಿ ಬಲ್ಲರು. ಆದರೆ ಅದರ ಮೇಲೆ ವಾಸಿಸುವ ಜನರನ್ನು ಬಲ್ಲವರು ಕೊಂಚವೇ. ಆದಕಾರಣ ಈ ಸಾರಿ ಬಿಳಿಗಿರಿರಂಗನ ಬೆಟ್ಟದ ವಿಷಯವಾಗಿ ಪಾಠವನ್ನು ಓದೋಣ.

1. ನೆಲ. ಈ ಬೆಟ್ಟಸಾಲು ಬಡಗಲಿಂದ ತೆಂಕಲಿಗೆ ಚಾಚಿರುವದು. ಇದು ಪಶ್ಚಿಮ ಘಟ್ಟಗಳಿಗೂ ಪೂರ್ವ ಘಟ್ಟಗಳಿಗೂ ನಡುವೆ ಸೇತುವೆಯ ಹಾಗಿರುವದರಿಂದ ಎರಡು ಕಡೆಯ ಗಿಡಮರಗಳೂ ಪ್ರಾಣಿಗಳೂ ಇಲ್ಲಿ ಕೂಡಿರುತ್ತವೆ. ಬುಡದಲ್ಲಿ ಸುಮಾರು 600 ಮೀಟರು ಎತ್ತರದ ನೆಲವು ಶಿಖರಗಳಲ್ಲಿ ಸುಮಾರು 1,800 ಮೀಟರಿಗೆ ಏರುವದು. ಆದ್ದರಿಂದ ಕೆಳಗೆ ಕುರುಚಲು ಕಾಡು, ನಡುವೆ ಎಲೆಯುದುರುವ ಕಾಡು, ಮೇಲೆ ಹುಲ್ಲುಗಾವಲು ಮತ್ತು ಸದಾ ಹಸುರಾದ ಶೋಲಾ ಕಾಡು, ಹೀಗೆ ಒಂದರ ಮೇಲೊಂದು ಕಾಣುವವು. ಬೆಟ್ಟದ ಬದಿಯ ಬಯಲನ್ನು ತೋಯಿಸುತ್ತಾ ಹರಿಯುವ ಸುವರ್ಣಾವತಿ ಹೊಳೆಯು ಯಳಂದೂರು ಸೀಮೆಯನ್ನು ದಾಟಿ ಕಾವೇರಿಯನ್ನು ಸೇರುವದು.

2. ಜನ. ಇಲ್ಲಿಯ ಮೂಲನಿವಾಸಿಗಳು ಸೋಲಿಗರು. ಅವರ ಊರಿಗೆ ಪೋಡು ಎಂದು ಹೆಸರು. ಪೂರ್ವದಲ್ಲಿ ಅವರು ಒಂದು ತುಂಡು ಕಾಡನ್ನು ಸವರಿ ರಾಗಿ ಬಿತ್ತಿ, ಕೆಲವು ಬೆಳೆ ತೆಗೆದು, ಆ ನೆಲವನ್ನು ಮರಳಿ ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಕೂಡಿಸುತ್ತಿದ್ದರು. ನೆಲ್ಲಿಯನ್ನು ಬಿಡಿಸುವಾಗ ಮರವನ್ನು ಬರಿದು ಮಾಡದೆ ಕಾಡುಪ್ರಾಣಿಗಳಿಗೂ ಮರುಹುಟ್ಟಿಗೂ ಕೆಲವನ್ನು ಬಿಡುವದು ಅವರ ಪದ್ಧತಿ. ಬೆಟ್ಟದ ರಂಗಸ್ವಾಮಿಯು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ಅವರು ಹೇಳುವದರಿಂದ ಅವನನ್ನು ಭಾವನೆಂದು ಕರೆಯುವರು.

3. ಚರಿತ್ರೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಸೋಲಿಗರ ವಿಷಯವಾಗಿ ಬರೆದಿಟ್ಟಿರುವನು. 1807ರಲ್ಲಿ ಯಳಂದೂರು ಸೀಮೆಯು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. 19ನೆಯ ಶತಮಾನದ ಕಡೆಯಲ್ಲಿ ಮಾರಿಸ್ ಮನೆತನದವರು ಬೆಟ್ಟದ ಮೇಲೆ ಕಾಫಿ ತೋಟಗಳನ್ನು ಎಬ್ಬಿಸಿದರು. ಒಡೆಯರು ಬಂದರು, ಹೋದರು. ಸೋಲಿಗರು ಇದ್ದಲ್ಲಿಯೇ ಇದ್ದರು.

ಆದರೆ 1974ರಲ್ಲಿ ಇದು ವನ್ಯಜೀವಿಧಾಮವಾಯಿತು. ಸುತ್ತು ಬೇಸಾಯ ನಿಂತುಹೋಯಿತು. ಜನರು ಒಂದೇ ಕಡೆಯ ಕಾಲೊನಿಗಳಲ್ಲಿ ನೆಲೆನಿಲ್ಲಬೇಕಾಯಿತು. ಬೇಸಗೆಗೆ ಮುಂಚೆ ಅವರು ತರಗೆಲೆಗೆ ಇಡುತ್ತಿದ್ದ ಸಣ್ಣ ಬೆಂಕಿಯೂ ನಿಷಿದ್ಧವಾಯಿತು. ಹಿರಿಯ ಸೋಲಿಗರು ಹೇಳುವದೇನಂದರೆ, ಆ ಬೆಂಕಿ ನಿಂತ ಮೇಲೆಯೇ ಲಂಟಾನದ ಪೊದೆ ಕಾಡನ್ನೆಲ್ಲಾ ಮುಚ್ಚಿತು. 2002ರಲ್ಲಿ ವನ್ಯಜೀವಿ ಕಾಯಿದೆಗೆ ಆದ ತಿದ್ದುಪಡಿಯಿಂದ ಕೆಲವೇ ವರುಷಗಳಲ್ಲಿ ಜೇನು, ನೆಲ್ಲಿಗಳನ್ನು ಮಾರುವದಕ್ಕೂ ತಡೆ ಬಂತು. ಹೀಗೆ ಹುಟ್ಟಿದ ನೆಲದಲ್ಲಿಯೇ ಅವರು ಅನ್ಯರಂತಾದರು.

ಈ ಕಾಲದಲ್ಲಿ ಸಹಾಯವೂ ಬಂತು. 1981ರಲ್ಲಿ ವೈದ್ಯರಾದ ಎಚ್. ಸುದರ್ಶನರು ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆಸ್ಪತ್ರೆಯೂ ಪಾಠಶಾಲೆಯೂ ಆದವು. ಓದುಬರಹ ಕಲಿತ ಸೋಲಿಗರು ತಮ್ಮ ಸಂಗತಿಯನ್ನು ತಾವೇ ಹೇಳಿಕೊಳ್ಳುವವರಾದರು.

4. ಹೆಸರುಗಳೇ ಸಾಕ್ಷಿ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ನಿಯಮಗಳಲ್ಲಿ ಗಮನಿಸತಕ್ಕ ಒಂದು ಮಾತುಂಟು. ಅದೇನಂದರೆ, ಕಾಗದಪತ್ರಗಳು ಮಾತ್ರವಲ್ಲ, ಬರೆದಿಟ್ಟ ಹಿರಿಯರ ಹೇಳಿಕೆಯೂ ಸಾಕ್ಷಿಯಾಗಿ ಎಣಿಸಲ್ಪಡುವದು. ಪಟ್ಟೆ ಪತ್ರವಿಲ್ಲದ ಸೋಲಿಗರಲ್ಲಿ ಹೇಳತಕ್ಕದ್ದು ಬೇಕಾದಷ್ಟಿತ್ತು. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆಯುಂಟು; ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಸ್ಥಳಗಳುಂಟು. ಭಾರ್ಗವಿ ಹೊಳೆಯ ಬಳಿಯ ದೊಡ್ಡ ಸಂಪಿಗೆ ಮರವು ಇಂಥ ಸ್ಥಳಗಳಲ್ಲಿ ಹೆಸರಾದದ್ದು. ಹಿರಿಯರು ಸಂಶೋಧಕರೊಡನೆ ಕಾಡು ಸುತ್ತಿ 400ಕ್ಕೂ ಮಿಕ್ಕಿದ ಇಂಥ ಸ್ಥಳಗಳನ್ನು ತೋರಿಸಿ ನಕ್ಷೆಗೆ ಏರಿಸಿದರು. ಬರಿಗಾಡೆಂದು ಎಣಿಸಿದ್ದ ನೆಲವೆಲ್ಲಾ ಹೆಸರುಗಳಿಂದ ತುಂಬಿತ್ತು.

2011ರ ಆರಂಭದಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಪ್ರಕಟವಾಯಿತು. ಜನರನ್ನು ಹೊರಡಿಸುವರೋ ಎಂಬ ಭಯ ಹುಟ್ಟಿತು. ಆದರೆ ಅದೇ ವರುಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಕಾಡಿನ ಸಾಮುದಾಯಿಕ ಹಕ್ಕುಗಳು ದೊರೆತವು. ಭಾರತದ ಹುಲಿ ಪ್ರದೇಶಗಳಲ್ಲಿ ಹೀಗಾದದ್ದು ಅದೇ ಮೊದಲು.

ವಾಚಕರೇ, ನಮ್ಮ ಹೊಲ, ಕೆರೆ, ಹಳ್ಳ, ಗುಂಡುತೋಪುಗಳಿಗೂ ಹೆಸರುಗಳುಂಟು. ಅವು ಹಿರಿಯರ ನಾಲಗೆಯ ಮೇಲಿರುವವು. ಅವರು ಮಣ್ಣಿಗೆ ಹೋದರೆ ಅವೂ ಹೋಗುವವು. ಪಾಠಶಾಲೆಗೆ ಹೋಗುವ ಮಕ್ಕಳು ಈ ವಾರವೇ ಅಜ್ಜ ಅಜ್ಜಿಯರ ಬಳಿ ಕೂತು ಕೇಳಿ ಬರೆದುಕೊಳ್ಳಲಿ.

ಪ್ರಶ್ನೆಗಳು
1. ಈ ಬೆಟ್ಟಸಾಲನ್ನು ಎರಡು ಘಟ್ಟಗಳ ಸೇತುವೆ ಎನ್ನುವದೇಕೆ?
2. 1974ರ ಬಳಿಕ ಸೋಲಿಗರ ಬಾಳಿನಲ್ಲಿ ಏನೇನು ಬದಲಾಯಿತು?
3. ಕಾಗದವಿಲ್ಲದ ಜನರಿಗೆ ಸಾಕ್ಷಿಯಾದದ್ದು ಯಾವದು?
4. ನಿಮ್ಮ ಊರಿನ ಹತ್ತು ಸ್ಥಳಗಳ ಹೆಸರನ್ನೂ ಅವುಗಳ ಕಾರಣವನ್ನೂ ಹೇಳಬಲ್ಲಿರಾ?